ದಾರಿಯ ಫಲಕ ಯಾರನ್ನು ಕುರಿತು ಮಾತನಾಡುತ್ತದೆ?

ಕಾವ್ಯ ನಾಟಕಗಳನ್ನು ವಿಮರ್ಶಿಸುವ ನಾವು, ದಿನ ಬೆಳಗಾದರೆ ಕಣ್ಣಿಗೆ ಬೀಳುವ ದಾರಿಯ ಫಲಕಗಳನ್ನು ವಿಮರ್ಶೆಗೆ ಅರ್ಹವೆಂದು ಭಾವಿಸುವುದಿಲ್ಲ. ಆದರೆ ಅವೂ ಬರಹಗಳೇ; ಕಾವ್ಯವನ್ನು ಓದದವರೂ ಅವುಗಳನ್ನು ಓದಲೇಬೇಕಾಗುತ್ತದೆ. ಆದುದರಿಂದ ಅವನ್ನು ಯಾರು ಬರೆದರು, ಯಾರಿಗಾಗಿ ಬರೆದರು ಎಂಬ ಪ್ರಶ್ನೆ ಅಲ್ಪವಾದುದಲ್ಲ. ವಾಚಕರು ಮನಗೂಳಿಯ ದಾರಿಯನ್ನೇ ನಿದರ್ಶನವಾಗಿ ಇಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ವಿಜಯಪುರದ ಕೋಟೆಯ ದಕ್ಷಿಣ ದ್ವಾರಕ್ಕೆ ಮನಗೂಳಿ ಅಗಸಿ ಎಂದು ಹೆಸರು. ಶಹಾಪುರ ಅಗಸಿ, ಅಲ್ಲಾಪುರ ಅಗಸಿ ಎಂಬ ಹೆಸರುಗಳೂ ಇದೇ ಜಾತಿಯವು. ದ್ವಾರದ ಹೆಸರು ಹೇಳಿದೊಡನೆ ದಾರಿ ಎತ್ತ ಹೋಗುವುದೆಂಬುದು ತಿಳಿಯುತ್ತದೆ. ಅದಕ್ಕೆ ಅಕ್ಷರವೂ ಬೇಡ, ಬಾಣದ ಗುರುತೂ ಬೇಡ. 1686ರಲ್ಲಿ ಔರಂಗಜೇಬನು ಆದಿಲಶಾಹಿ ರಾಜಧಾನಿಯನ್ನು ಗೆದ್ದು ಈ ದ್ವಾರದಿಂದಲೇ ಒಳಹೊಕ್ಕನು. ಅಂದಿನಿಂದ ಇದಕ್ಕೆ ಫತೇ ದರವಾಜಾ, ಅಂದರೆ ವಿಜಯದ್ವಾರ, ಎಂಬ ಹೆಸರೂ ಬಂದಿತು. ಒಂದು ಹೆಸರು ಗೆದ್ದವನ ಕೀರ್ತಿಯನ್ನು ಹೇಳುತ್ತದೆ, ಇನ್ನೊಂದು ನಡೆಯುವವನಿಗೆ ದಾರಿಯನ್ನು ಹೇಳುತ್ತದೆ. ಮೂರು ಶತಮಾನಗಳ ಮೇಲೂ ಜನರ ಬಾಯಲ್ಲಿ ಮನಗೂಳಿ ಅಗಸಿಯೇ ಉಳಿದಿದೆ. ಫಲಕಶಾಸ್ತ್ರಕ್ಕೆ ಇದಕ್ಕಿಂತ ಉತ್ತಮ ಪಾಠ ಬೇಕೆ?

ಇನ್ನು ಮನಗೂಳಿಯ ಶಾಸನಗಳನ್ನು ನೋಡಿರಿ. ಕಳಚುರಿ ಬಿಜ್ಜಳನ ಕಾಲದ, 1161ರ ಇಲ್ಲಿಯ ಶಾಸನವನ್ನು ಫ್ಲೀಟ್ ಅವರು ಪ್ರಕಟಿಸಿದ್ದಾರೆ. ಶಾಸನವೆಂದರೆ ಅಂದಿನ ಸಾರ್ವಜನಿಕ ಫಲಕ. ಈ ಸೀಮೆಯ ಶಾಸನಗಳ ನೆತ್ತಿಯ ಮೇಲೆ ಸಾಮಾನ್ಯವಾಗಿ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಆಕಳು ಇರುತ್ತವೆ. ಅಕ್ಷರ ಬಲ್ಲವರು ಕೆಳಗಿನ ಸಾಲುಗಳನ್ನು ಓದಿದರು. ಅರಿಯದವರು ಮೇಲಿನ ಚಿತ್ರವನ್ನು ಓದಿದರು. ಇದು ದತ್ತಿಯ ಭೂಮಿ, ಚಂದ್ರಸೂರ್ಯರಿರುವತನಕ ನಡೆಯತಕ್ಕದ್ದು ಎಂಬುದು ಇಬ್ಬರಿಗೂ ತಿಳಿಯಿತು. 1969ರಲ್ಲಿ ಮೆಕ್ಸಿಕೋ ನಗರದ ಮೆಟ್ರೋ ರೈಲು ಆರಂಭವಾದಾಗ ಪ್ರತಿ ನಿಲ್ದಾಣಕ್ಕೂ ಹೆಸರಿನ ಜೊತೆಗೆ ಒಂದೊಂದು ಚಿತ್ರವನ್ನು ಕೊಟ್ಟರು. ಓದುಬಾರದವರೂ ತಮ್ಮ ನಿಲ್ದಾಣವನ್ನು ಗುರುತಿಸುವಂತಾಯಿತು. ಜಗತ್ತು ಮೆಚ್ಚಿದ ಆ ವಿನ್ಯಾಸದ ತತ್ತ್ವ ನಮ್ಮ ಕಲ್ಲುಕುಟಿಗನಿಗೆ ಹೊಸದಾಗಿರಲಿಲ್ಲ.

ಈಗ ಹೆದ್ದಾರಿಗೆ ಬರೋಣ. ಹಿಂದೆ 13 ಎಂಬ ಸಂಖ್ಯೆಯಿದ್ದು, 2010ರ ಮರುಸಂಖ್ಯೆಯಲ್ಲಿ 50 ಆದ ರಾಷ್ಟ್ರೀಯ ಹೆದ್ದಾರಿ ಮನಗೂಳಿಯ ಮೇಲೆಯೇ ಹಾಯ್ದುಹೋಗುತ್ತದೆ. ಇದೀಗ ಅದು ಚತುಷ್ಪಥ. ಹಸುರು ಹಲಗೆಯ ಮೇಲಿನ ಬಿಳಿಯ ಅಕ್ಷರಗಳ ಎತ್ತರವನ್ನು ವಾಹನದ ವೇಗವನ್ನು ಲೆಕ್ಕಹಾಕಿ ನಿಗದಿಪಡಿಸುತ್ತಾರೆ. ಅದು ಸರಿಯೇ, ವೇಗವಾಗಿ ಬರುವವನಿಗೆ ದೂರದಿಂದಲೇ ಕಾಣಬೇಕು. ಆದರೆ ಕೆಂಪು ಅಂಚಿನ ತ್ರಿಕೋನ ಫಲಕವನ್ನು ಸ್ವಲ್ಪ ನಿಂತು ಗಮನಿಸಿರಿ. ಅದರಲ್ಲಿ ನಡೆಯುವ ಮನುಷ್ಯನ ಚಿತ್ರವುಂಟು, ದನದ ಚಿತ್ರವುಂಟು. ಆದರೂ ಆ ಫಲಕ ನಡೆಯುವವನಿಗಾಗಿ ನಿಂತುದಲ್ಲ. ಅವನ ಬಗ್ಗೆ ಚಾಲಕನಿಗೆ ಎಚ್ಚರಿಕೆ ಕೊಡಲು ನಿಂತುದು. ಹೊಲದಿಂದ ಮೇವಿನ ಹೊರೆ ಹೊತ್ತು ಬರುವ ತಾಯಿ ಎಲ್ಲಿ ದಾಟಬೇಕು, ಆಚೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅವಳಿಗೆ ಹೇಳುವ ಫಲಕ ನಮ್ಮ ಹೆದ್ದಾರಿಗಳ ಮೇಲೆ ಅಪರೂಪ. ದಾರಿಯ ಮೇಲೆ ಅವಳು ವಿಷಯವಾಗಿದ್ದಾಳೆಯೇ ಹೊರತು ಓದುಗಳಾಗಿಲ್ಲ. ಈ ದೃಷ್ಟಿಯಿಂದ ಹಳೆಯ ಮೈಲಿಗಲ್ಲೇ ಮೇಲು. ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸುರಾದರೆ ರಾಜ್ಯ ಹೆದ್ದಾರಿ, ಬಣ್ಣವೇ ಮಾತನಾಡುತ್ತದೆ. ಅದರ ಎತ್ತರವೂ ಮನುಷ್ಯನದು. ದಣಿದವನು ಅದಕ್ಕೆ ಒರಗಿ ಕೂಡಬಹುದು.

ಊರೊಳಗಿನ ಕೂಟುರಸ್ತೆಗಳ ಸ್ಥಿತಿ ಬೇರೆ. ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಫ್ಲೆಕ್ಸುಗಳನ್ನು ನಿಷೇಧಿಸಿದ್ದಾರೆ. ಆದರೂ ಹುಟ್ಟುಹಬ್ಬದ ಶುಭಾಶಯಗಳು ದಾರಿ ತೋರುವ ಹಲಗೆಯನ್ನೇ ಮುಚ್ಚುವುದುಂಟು. ಮಠಗಳ ಉತ್ಸವಗಳೂ ಇದಕ್ಕೆ ಹೊರತಲ್ಲ. ಕಾವಿಯುಟ್ಟವರ ಭಾವಚಿತ್ರವಾದರೂ ತಿರುವನ್ನು ಮರೆಮಾಡಿದರೆ ಅಪಾಯ ಅಷ್ಟೇ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಅದು ಮೇಲಿನ ಅರ್ಧದಲ್ಲಿರಬೇಕು ಎಂಬ 2024ರ ತಿದ್ದುಪಡಿ ಕಾಯಿದೆ ಸ್ವಾಗತಾರ್ಹ. ಆದರೆ ಭಾಷೆ ನಮ್ಮದಾದ ಮಾತ್ರಕ್ಕೆ ಫಲಕ ನಮ್ಮದಾಗುವುದಿಲ್ಲ. ಮಸುಕಾದ ಕನ್ನಡ, ಕೊಂಬೆಯ ಹಿಂದಿನ ಕನ್ನಡ, ಕತ್ತೆತ್ತಿದರೂ ನಿಲುಕದ ಕನ್ನಡ ಯಾರಿಗೆ ಬೇಕು?

ಮಾಡಬೇಕಾದುದು ದೊಡ್ಡದೇನಲ್ಲ. ಬಸ್ಸು ನಿಲ್ಲುವಲ್ಲಿ ಮತ್ತು ಹೆದ್ದಾರಿಯನ್ನು ದಾಟುವಲ್ಲಿ ಎದೆಮಟ್ಟದ ಒಂದೊಂದು ಕಲ್ಲು. ಅದರ ಮೇಲೆ ಊರಿನ ಹೆಸರು, ಆಸ್ಪತ್ರೆ, ಶಾಲೆ, ಸಂತೆಗಳಿಗೆ ಒಂದೊಂದು ಚಿತ್ರ. ಜಾತ್ರಾ ಸಮಿತಿಗಳು ಫ್ಲೆಕ್ಸಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಇದಕ್ಕೆ ಸಾಕು. ನಮ್ಮ ಸೀಮೆಯಲ್ಲಿ ಕಲ್ಲಿಗಂತೂ ಬರವಿಲ್ಲ.