ಅಂಗೈಯಲ್ಲಿ ಹಿಂದಿನ ಸೀಟು

ಡೈಕಾಸ್ಟ್ ಕಾರು ಕೂಡಿಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಫೆರಾರಿಯನ್ನೋ ಲ್ಯಾಂಬೊರ್ಗಿನಿಯನ್ನೋ. ತಪ್ಪೇನಿಲ್ಲ. ಆದರೆ ನನ್ನನ್ನು ಕೇಳಿದರೆ, ಕಣ್ಣು ಪಳಗುವುದು ಸೆಡಾನಿನ ಮೇಲೆ. ರೇಸಿನ ಕಾರಿಗೆ ರೆಕ್ಕೆ, ಪಟ್ಟೆ, ದಪ್ಪ ಅಂಕಿಗಳಿರುತ್ತವೆ. ಅಳತೆ ಒಂದಿಷ್ಟು ತಪ್ಪಿದರೂ ಅವು ಮುಚ್ಚಿಬಿಡುತ್ತವೆ. ರೋಲ್ಸ್ ರಾಯ್ಸ್, ಬೆಂಟ್ಲಿ, ದೊಡ್ಡ ಮರ್ಸಿಡಿಸ್, ಜಪಾನಿನ ಟೊಯೊಟ ಸೆಂಚುರಿ, ಇವುಗಳ ಮೈಮೇಲೆ ತಪ್ಪು ಅಡಗಿಸಲು ಜಾಗವೇ ಇಲ್ಲ. ಉದ್ದನೆಯ ಬಾನೆಟ್ಟು, ಒಂದು ಛಾವಣಿ, ನಾಲ್ಕು ಬಾಗಿಲು, ಅಷ್ಟೇ.

ಇವೆಲ್ಲ ಹಿಂದಿನ ಸೀಟಿನಲ್ಲಿ ಕೂರುವವರನ್ನು ನೆನೆದು ಕಟ್ಟಿದ ಕಾರುಗಳು. ಹಾಗಾಗಿ ಆಟಿಕೆಯನ್ನೂ ಅಲ್ಲಿಂದಲೇ ನೋಡತೊಡಗಿ. ಕಾರನ್ನು ಮೇಜಿನ ಮೇಲಿಟ್ಟು, ಗಲ್ಲ ಮೇಜಿಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ. ಮೇಲಿನಿಂದ ಆಟಿಕೆಯಾಗಿ ಕಂಡದ್ದು ಈ ಎತ್ತರದಲ್ಲಿ ಬೀದಿ ಬದಿಗೆ ಬಂದು ನಿಂತ ಕಾರಾಗುತ್ತದೆ. ಹಿಂಬಾಗಿಲಿಗೆ ತಕ್ಕ ಉದ್ದ ಸಿಕ್ಕಿದೆಯೇ? ಹಿಂದಿನ ಕಿಟಕಿಯಾಚೆ ಛಾವಣಿಯನ್ನು ಹೊತ್ತ ಕಂಬ ದಪ್ಪಗಿದೆಯೇ? ಒಳಗೆ ಕೂತವರ ಮುಖವನ್ನು ಬೀದಿಯ ಕಣ್ಣಿನಿಂದ ಮರೆಮಾಡುವುದು ಆ ಕಂಬವೇ. ಅದನ್ನು ಅರ್ಧ ಮಿಲಿಮೀಟರ್ ತೆಳ್ಳಗೆ ಮಾಡಿದರೂ ಸಾಕು, ರೋಲ್ಸ್ ಟ್ಯಾಕ್ಸಿಯಂತೆ ಕಾಣುತ್ತದೆ.

ಆಮೇಲೆ ಚಕ್ರ. ರೋಲ್ಸ್ ರಾಯ್ಸ್ ವಿನ್ಯಾಸಕಾರರಿಗೆ ಒಂದು ಹಳೆಯ ಲೆಕ್ಕವಿದೆ: ಚಕ್ರದ ಎತ್ತರ ಕಾರಿನ ಎತ್ತರದ ಸುಮಾರು ಅರ್ಧದಷ್ಟಿರಬೇಕು. 2003ರ ಫ್ಯಾಂಟಮ್ ನಿಂತ ಗತ್ತು ಬಹುಮಟ್ಟಿಗೆ ಅದರಿಂದಲೇ ಬಂದದ್ದು. ನಿಮ್ಮ ಕೈಯಲ್ಲಿರುವ ಪುಟ್ಟ ಫ್ಯಾಂಟಮ್‌ಗೆ ಸ್ಕೇಲು ಹಿಡಿದು ನೋಡಿ. ಚಕ್ರ ಸಣ್ಣದಾಯಿತೋ, ಬಣ್ಣ ಎಷ್ಟೇ ಹೊಳೆಯಲಿ, ಕಾರು ಕುಸಿದು ಕೂತಂತಿರುತ್ತದೆ.

ಈ ಪಾಠವನ್ನು ಕಲಿಸಲು ಮ್ಯಾಚ್‌ಬಾಕ್ಸ್‌ನ 24ನೇ ನಂಬರಿನ ಸಿಲ್ವರ್ ಶ್ಯಾಡೋಗಿಂತ ಒಳ್ಳೆಯ ಗುರು ಇಲ್ಲ. ಲಂಡನ್ನಿನ ಲೆಸ್ನಿ ಕಂಪನಿ ಅದನ್ನು ತಂದದ್ದು 1967ರಲ್ಲಿ: ಹೊಳೆಯುವ ಕೆಂಪು ಮೈ, ತೆರೆಯುವ ಡಿಕ್ಕಿ, ಕಪ್ಪು ಟೈರಿನ ನಡುವೆ ಬೆಳ್ಳಿ ಬಣ್ಣದ ಬಟ್ಟಲು. ಮರುವರ್ಷ ಅಮೆರಿಕದ ಮ್ಯಾಟೆಲ್ ಹಾಟ್ ವೀಲ್ಸ್ ಬಿಟ್ಟಿತು. ಸಣ್ಣ ತಂತಿಯ ಅಚ್ಚಿನ ಮೇಲೆ ಸರ್ರನೆ ಓಡುವ ಆ ಕಾರುಗಳ ಮುಂದೆ ಲೆಸ್ನಿಯ ಕಾರುಗಳು ಮಂಕಾದವು. 1969ರಿಂದ ಲೆಸ್ನಿಯೂ ಸೂಪರ್‌ಫಾಸ್ಟ್ ಎಂಬ ಹೆಸರಿನಲ್ಲಿ ವೇಗದ ಚಕ್ರ ಹಾಕತೊಡಗಿತು. ಸಿಲ್ವರ್ ಶ್ಯಾಡೋವನ್ನೂ ಬಿಡಲಿಲ್ಲ. ಹಳೆಯದನ್ನೂ ಸೂಪರ್‌ಫಾಸ್ಟನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಸಿಕ್ಕರೆ ತಪ್ಪಿಸಿಕೊಳ್ಳಬೇಡಿ. ಒಂದೇ ಮೈ, ಒಂದು ದೊರೆಮನೆಯ ಬಾಗಿಲಲ್ಲಿ ಕಾಯುತ್ತದೆ, ಇನ್ನೊಂದು ಪಂದ್ಯಕ್ಕೆ ಹೊರಟಿದೆ. ಮಕ್ಕಳಿಗೆ ಎರಡನೆಯದೇ ಇಷ್ಟವಾಗಿದ್ದರೆ ಅದು ನ್ಯಾಯ. ನಾನು ಮಾತ್ರ ಮೊದಲನೆಯದರ ಪಕ್ಷ.

ಅಳತೆಯ ಬಗ್ಗೆ ಒಂದು ಮಾತು. ಮ್ಯಾಚ್‌ಬಾಕ್ಸ್ ಎಂಬ ಹೆಸರೇ ಡಬ್ಬಿಯಿಂದ ಬಂದದ್ದು. ಬೆಂಕಿಪೊಟ್ಟಣದಲ್ಲಿ ಹಿಡಿಸುವ ಆಟಿಕೆಯನ್ನಷ್ಟೇ ಮಗಳ ಶಾಲೆಗೆ ಒಯ್ಯಲು ಬಿಡುತ್ತಿದ್ದರೆಂದು ಲೆಸ್ನಿಯ ಜ್ಯಾಕ್ ಓಡೆಲ್ ಅವಳಿಗೊಂದು ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ ಕತೆ ಈ ಹವ್ಯಾಸದವರಿಗೆಲ್ಲ ಗೊತ್ತು. ಡಬ್ಬಿಯೇ ಮೊದಲಾದಾಗ ಲಾರಿಯೂ ಕಾರೂ ಹೆಚ್ಚುಕಡಿಮೆ ಒಂದೇ ಉದ್ದವಾಗುತ್ತವೆ. 1970ರಲ್ಲಿ ಆರು ಕಾರುಗಳೊಂದಿಗೆ ಶುರುವಾದ ಜಪಾನಿನ ಟೊಮಿಕಾದ್ದೂ ಇದೇ ರೀತಿ. ಆ ಆರರಲ್ಲಿ ಟೊಯೊಟ ಕ್ರೌನ್ ಸೆಡಾನ್ ಒಂದು. ಟೊಮಿಕಾ ಡಬ್ಬಿಯ ಉದ್ದ 78 ಮಿಲಿಮೀಟರ್. ಈಗಿನ ಸೆಂಚುರಿ ಸೆಡಾನ್ 5.335 ಮೀಟರ್, 64ರಲ್ಲಿ ಒಂದು ಪಾಲಿನ ಅಳತೆಗೆಂದು 64ರಿಂದ ಭಾಗಿಸಿದರೆ 83 ಮಿಲಿಮೀಟರ್ ದಾಟುತ್ತದೆ. ಡಬ್ಬಿಗೆ ಹಿಡಿಸಲು ಅದನ್ನು ಇನ್ನೂ ಕುಗ್ಗಿಸಲೇಬೇಕು. ಕಟ್ಟುನಿಟ್ಟಾಗಿ 64ರಲ್ಲಿ ಒಂದು ಪಾಲು ಬೇಕೆನ್ನುವವರಿಗೆ 2004ರಲ್ಲಿ ಶುರುವಾದ ಟೊಮಿಕಾ ಲಿಮಿಟೆಡ್ ವಿಂಟೇಜ್ ಇದೆ, ಮಿನಿ ಜಿಟಿ ಇದೆ. ಎರಡು ಬಗೆಯವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ, ಕಣ್ಣಿಗೆ ಗೊಂದಲ.

ಸೆಂಚುರಿಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಿ. ಟೊಯೊಟ ಸಮೂಹದ ಮೂಲಪುರುಷ ಟೊಯೊಡ ಸಕಿಚಿ ಹುಟ್ಟಿ ನೂರು ವರ್ಷ ತುಂಬಿದ ನೆನಪಿಗೆ 1967ರಲ್ಲಿ ಬಂದ ಕಾರು ಅದು. ಜಪಾನಿನಲ್ಲಿ ಅದರ ಒಡೆಯರು ಚರ್ಮದ ಸೀಟಿಗಿಂತ ಉಣ್ಣೆ ಬಟ್ಟೆಯದನ್ನು ಮೆಚ್ಚುತ್ತಾರೆ. ಉಣ್ಣೆ ಸದ್ದು ಮಾಡುವುದಿಲ್ಲ. ಇಂಥ ಸಂಕೋಚದ ಶ್ರೀಮಂತಿಕೆಯನ್ನು ಬೆರಳುದ್ದದ ಲೋಹದಲ್ಲಿ ಹಿಡಿಯಬೇಕಾದವರ ಪಾಡು ಯೋಚಿಸಿ. ಅವರ ಕೈಯಲ್ಲಿರುವುದು ಗೆರೆಯ ನೇರ, ಕಪ್ಪಿನ ಆಳ, ಎರಡೇ.

ಇನ್ನು ಲೋಹ. ಇದು ಬಹುಪಾಲು ಸತುವಿನ ಎರಕ. ಜೊತೆಗೆ ನೂರಕ್ಕೆ ಸುಮಾರು 4ರಷ್ಟು ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ. ಕರಗಿದ ಲೋಹವನ್ನು ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ನುಗ್ಗಿಸುತ್ತಾರೆ. ಅಚ್ಚಿನ ಭಾಗಗಳು ಕೂಡುವಲ್ಲಿ ಕೂದಲೆಳೆಯಂಥ ಏಣು ಉಳಿಯುತ್ತದೆ. ಬಂಪರಿನ ಬದಿಯಲ್ಲಿ ಉಗುರು ಸವರಿ: ಏಣು ತಡೆದರೆ ಉಜ್ಜುವ ಕೆಲಸ ಅವಸರದಲ್ಲಿ ಮುಗಿದಿದೆ. ಬಣ್ಣ ದಪ್ಪವಾದರೆ ಬಾಗಿಲ ಗೆರೆಗಳು ತುಂಬಿಹೋಗುತ್ತವೆ. ನಾನು ಕೊಳ್ಳುವ ಮೊದಲು ನೋಡುವುದು ಹಿಂಬಾಗಿಲ ಹಿಡಿಯನ್ನು; ಅದು ಬಣ್ಣದಡಿ ಮುಳುಗಿದ್ದರೆ ಕಾರನ್ನು ವಾಪಸ್ಸಿಡುತ್ತೇನೆ.

ಹಳೆಯದನ್ನು ಕೊಳ್ಳುವಾಗ ತಲೆಕೆಳಗೆ ಮಾಡಿ ತಳ ನೋಡಿ. ರಿವೆಟ್ಟಿನ ತಲೆ ಕೊರೆದಿದ್ದರೆ ಯಾರೋ ಬಿಚ್ಚಿ, ಬಣ್ಣ ಬಳಿದಿರಬಹುದು. ಎರಡನೇ ಮಹಾಯುದ್ಧಕ್ಕೆ ಮುಂಚಿನ, ಲಿವರ್‌ಪೂಲಿನ ಡಿಂಕಿ ಕಾರುಗಳಿಗೆ ಇನ್ನೊಂದು ರೋಗವಿದೆ: ಸತುವಿನಲ್ಲಿ ಸೀಸ ಬೆರೆತಿದ್ದರೆ ಲೋಹ ಒಳಗೊಳಗೇ ಉಬ್ಬಿ, ಬಿರುಕುಬಿಟ್ಟು, ಒಂದು ದಿನ ಪುಡಿಯಾಗುತ್ತದೆ. ತೇವ ಅದನ್ನು ಬೆಳೆಸುತ್ತದೆ, ಮದ್ದಿಲ್ಲ. ಮಂಗಳೂರು, ಕಾರವಾರದ ಕಡೆಯವರು ಗಾಜಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುವುದನ್ನು ಮಳೆಗಾಲಕ್ಕೆ ಮೊದಲೇ ರೂಢಿಮಾಡಿಕೊಳ್ಳಿ. ಇಲ್ಲವಾದರೆ ರಟ್ಟಿನ ಡಬ್ಬಿಗೂ ಬೂಸ್ಟು ಹಿಡಿಯುತ್ತದೆ.

ನಮ್ಮ ದೇಶದಲ್ಲೇ ಹುಡುಕಬೇಕಾದದ್ದು ನಿಕ್ಕಿ ಆಟಿಕೆಗಳನ್ನು. ಡಿಂಕಿಯ ಬಳಸಿದ ಅಚ್ಚುಗಳು 1960ರ ದಶಕದ ಕೊನೆಗೆ ಕಲ್ಕತ್ತೆಗೆ ಬಂದವು; ನಿಕ್ಕಿ ಎಂಬ ಹೆಸರಿನಲ್ಲಿ ಅವುಗಳಲ್ಲಿ ಮತ್ತೆ ಎರಕ ಹೊಯ್ದರು. ಹಾಗೆ ಬಂದ ಕಾರುಗಳಲ್ಲೊಂದು ಜಾಗ್ವಾರ್ ಮಾರ್ಕ್ ಟೆನ್, ನಾಲ್ಕು ಬಾಗಿಲಿನ ಭಾರಿ ಸೆಡಾನ್. ಸಿಕ್ಕರೆ ಬಣ್ಣ ಒರಟೆಂದು ಮೂಗು ಮುರಿಯದೆ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಲಿವರ್‌ಪೂಲಿನಲ್ಲಿ ಯಾರೋ ಕೆತ್ತಿದ ಹಿಂಬಾಗಿಲ ಗೆರೆ ಅದರಲ್ಲಿ ಇನ್ನೂ ಕಾಣುತ್ತದೆ.