ಸರಾಸರಿಗೆ ಸಿಗದ ಒಲೆ

ಬಡವರ ಮನೆಗೆ ಇಂಧನದ ಭದ್ರತೆ ಕೊಟ್ಟ ಯೋಜನೆಯೆಂದು ಕರ್ನಾಟಕದ ಉಚಿತ ವಿದ್ಯುತ್ತಿನ ಗೃಹಜ್ಯೋತಿಗೆ ಬಂದಿರುವ ಹೆಸರು ಅದು ಮಾಡಿದ ಕೆಲಸಕ್ಕಿಂತ ದೊಡ್ಡದು. 2023ರ ಆಗಸ್ಟ್‌ನಿಂದ ಸೊನ್ನೆ ಬಿಲ್ ಬರುತ್ತಿರುವುದು ನಿಜ. ಕೂಲಿಯ ಮನೆಗೆ ಆ ಉಳಿತಾಯ ಸಣ್ಣದಲ್ಲ. ಆದರೆ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸೀಮೆಯಲ್ಲಿ ಇಂಧನದ ಬಡತನ ಕಾಣುವುದು ಬಲ್ಬಿನ ಕೆಳಗಲ್ಲ, ಒಲೆಯ ಮುಂದೆ. ಹಿಟ್ಟಿನ (ಮುದ್ದೆಯ) ಎಸರಿಗೆ, ಬಚ್ಚಲ ಹಂಡೆಗೆ ಬಡ ಮನೆಗಳು ಈಗಲೂ ಸೌದೆಯನ್ನೇ ನೆಚ್ಚಿವೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗೆ ಸೌದೆ ಎಷ್ಟು ಬೇಕೆಂದು ಲೆಕ್ಕ ಹಾಕುವ ಈ ಊರುಗಳಲ್ಲಿ, ಹೆಂಗಸರು ತಲೆಯ ಮೇಲೆ ಹೊತ್ತು ತರುವ ಹೊರೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಯೋಜನೆಯ ಜೀವಾಳ ಅದರ ಸೂತ್ರದಲ್ಲಿದೆ. 2022-23ರಲ್ಲಿ ಮನೆಯೊಂದು ತಿಂಗಳಿಗೆ ಸರಾಸರಿ ಉರಿಸಿದ ಯೂನಿಟ್ಟಿಗೆ ಶೇ. 10 ಸೇರಿಸಿದ್ದು ಉಚಿತ. 200 ದಾಟಿದರೆ ಪೂರ್ತಿ ಬಿಲ್. ಅಂದರೆ 190 ಯೂನಿಟ್ ಉರಿಸಿದ ಮನೆಗೆ 200, 20 ಉರಿಸಿದ ಮನೆಗೆ 22. 2024ರ ಜನವರಿಯಲ್ಲಿ ಸಂಪುಟ 48 ಯೂನಿಟ್ಟಿಗಿಂತ ಕಡಿಮೆ ಬಳಸುವವರಿಗೆ ಶೇ. 10ರ ಬದಲು ಹತ್ತು ಯೂನಿಟ್ ಕೊಟ್ಟಿತು. 22 ಹೋಗಿ 30 ಆಯಿತು. ಇನ್ನೊಂದು ನಿಯಮವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53ಕ್ಕೆ ಶೇ. 10 ಕೂಡಿಸಿ 58 ಯೂನಿಟ್ ಸಿಗುತ್ತದೆ. ವರ್ಷವಿಡೀ ಒಂದೇ ದೀಪದಲ್ಲಿ ಕಳೆದ ಮನೆಗೆ ಅದರ ಅರ್ಧದಷ್ಟು. ಕೈ ಬಿಗಿಹಿಡಿದದ್ದನ್ನೇ ಸೂತ್ರವು ‘ಇವರಿಗೆ ಇಷ್ಟೇ ಸಾಕು’ ಎಂದು ಓದಿಕೊಂಡಿದೆ. ಸೌದೆ ಬಿಟ್ಟು ಕರೆಂಟಿನಲ್ಲಿ ಬೇಯಿಸೋಣವೆಂದರೆ, 1500 ವ್ಯಾಟ್‌ನ ಇಂಡಕ್ಷನ್ ಒಲೆಯನ್ನು ದಿನಕ್ಕೆ ಒಂದೂವರೆ ಗಂಟೆ ಉರಿಸಿದರೆ ತಿಂಗಳಿಗೆ 67 ಯೂನಿಟ್ ದಾಟುತ್ತದೆ. 30 ಯೂನಿಟ್ಟಿನ ಮನೆ ಅದನ್ನು ಕೊಳ್ಳುವ ಯೋಚನೆಯನ್ನೂ ಮಾಡಲಾರದು.

ಗೃಹಜ್ಯೋತಿಯನ್ನು ‘ಬಿಟ್ಟಿ ಭಾಗ್ಯ’ವೆಂದು ಹಳಿದ ಅಂಕಣಕಾರರ ಜತೆ ನನ್ನ ತಕರಾರು ಯೋಜನೆಯ ಜತೆಗಿರುವುದಕ್ಕಿಂತ ಹೆಚ್ಚು. ಬಡವರು ಸೋಮಾರಿಗಳಾಗುತ್ತಾರೆಂದು ಅವರು ಬರೆದರು. ಆದರೆ ಹೆಚ್ಚು ಉರಿಸಿದವರಿಗೆ ಹೆಚ್ಚು ಸಿಗುವ ಏರ್ಪಾಟನ್ನು ಪ್ರಶ್ನಿಸಲಿಲ್ಲ. ಪೇಟೆಯ 190 ಯೂನಿಟ್ಟಿನ ಮನೆ ಅವರ ಕಣ್ಣಿಗೆ ಬೀಳಲೇ ಇಲ್ಲ. ಹೊಗಳಿದವರು ಫಲಾನುಭವಿಗಳನ್ನು ಎಣಿಸಿದರು, ಯಾರಿಗೆ ಎಷ್ಟು ಸಿಕ್ಕಿತೆಂದು ಎಣಿಸಲಿಲ್ಲ. ಅಡುಗೆಗೆ ಗ್ಯಾಸ್ ಇದೆಯಲ್ಲ, ಕರೆಂಟ್ ಯಾಕೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2016ರ ಉಜ್ವಲಾ ಗ್ಯಾಸ್ ಯೋಜನೆ ಅನೇಕ ಮನೆಗಳಿಗೆ ಸಿಲಿಂಡರ್ ತಲುಪಿಸಿತು. ಆದರೆ ತುಂಬಿಸಿಕೊಳ್ಳುವ ದುಡ್ಡನ್ನು ಒಂದೇ ಗಂಟಿನಲ್ಲಿ ಕೊಡಬೇಕು, ಕೂಲಿ ಬರುವುದು ದಿನಕ್ಕಿಷ್ಟರಂತೆ. ಹಾಗಾಗಿ ಸಿಲಿಂಡರ್ ಕಾಫಿಗೆ, ನೆಂಟರಿಗೆ. ಹಿಟ್ಟು ಸೌದೆ ಒಲೆಗೆ. ಹಿಟ್ಟಿನ ಕೋಲು ಹಿಡಿದು ಬಲವಾಗಿ ತಿರುವಲು ಇಂಡಕ್ಷನ್ ಒಲೆ ಒಗ್ಗದು ಎಂಬ ಮಾತೂ ಸರಿ. ಆದರೆ ಅನ್ನ, ಸಾರು, ಕಾಯಿಸಿದ ನೀರು ಸೌದೆಯಿಂದ ಆಚೆ ಬಂದರೂ ಹೊರೆ ಇಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ.

ಅಡುಗೆಗೆ 67, ದೀಪ-ಫ್ಯಾನಿಗೆ 20: ಹೆಚ್ಚುಕಡಿಮೆ 90 ಯೂನಿಟ್. ಹಳೆಯ ಸರಾಸರಿಯನ್ನು ಬದಿಗಿಟ್ಟು, ಪ್ರತಿ ಮನೆಗೂ ಮೊದಲ 90 ಯೂನಿಟ್ ಉಚಿತ, ಆಮೇಲಿನದಕ್ಕೆ ದರ ಎಂದು ಸೂತ್ರ ಬದಲಿಸಬೇಕು. ಈಗ 200 ಉಚಿತ ಪಡೆಯುವ ಮೇಲಿನ ಮನೆಗಳ 110 ಯೂನಿಟ್ಟಿನಲ್ಲಿ ಉಳಿಯುವ ಹಣ ಕೆಳಗಿನ ಒಲೆಗಳಿಗೆ ಹೋಗಲಿ. ತಂತಿ ತಲುಪದ, ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಇಲ್ಲದ ಕಾಡಂಚಿನ ಆದಿವಾಸಿ ಹಾಡಿಯ ಮನೆಗಳಿಗೆ ಮೊದಲು ಆ ಹಣದಿಂದಲೇ ಕಂಬ ನೆಡಬೇಕು.