ಅಲಂಕಾರದೊಳಗಿನ ‘ಅಲಂ’

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಲ್ಲಿ ಮದುವೆಯ ಮಾತುಕತೆಗೆ ಕುಳಿತವರು ‘ಆಭರಣ’ ಎಂಬ ಶಬ್ದವನ್ನು ಬಳಸುವುದು ಅಪರೂಪ. ‘ವಸ್ತಾ ಎಷ್ಟು ಹಾಕತೀರಿ?’ ಎಂದು ಒಬ್ಬರು ಕೇಳುತ್ತಾರೆ. ಸೊಲ್ಲಾಪುರದ ಕಡೆಯ ಗಡಿಹಳ್ಳಿಯವರು ಮರಾಠಿಯಿಂದ ಬಂದ ‘ದಾಗಿನ’ವನ್ನೇ ಹೇಳುತ್ತಾರೆ. ಹಿರಿಯರು ‘ಒಡವಿ’ ಎನ್ನುತ್ತಾರೆ. ಉಳಿದವರೆಲ್ಲ ‘ಬಂಗಾರ’ ಎಂದುಬಿಡುತ್ತಾರೆ. ಅದೇ ಮನೆಯ ಒಳಗಡೆ ತೊಟ್ಟಿಲ ಕೂಸನ್ನು ಎತ್ತಿಕೊಳ್ಳುವ ಅಜ್ಜಿಯೂ ‘ನನ್ನ ಬಂಗಾರ’ ಎನ್ನುತ್ತಾಳೆ. ಪಡಸಾಲೆಯಲ್ಲಿ ತೊಲದ ಲೆಕ್ಕಕ್ಕೆ ಸಿಕ್ಕ ಮಾತು ಒಳಮನೆಯಲ್ಲಿ ಮಮತೆಯ ಮಾತಾಗುತ್ತದೆ. ಶಬ್ದ ಒಂದೇ, ಬಳಕೆ ಎರಡು. ಈ ಎರಡರಲ್ಲಿ ಯಾವುದು ಅಲಂಕಾರ, ಯಾವುದು ಬರಿಯ ಭಾರ ಎಂದು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದಗಳ ಕಡೆಗೆ ನೋಡೋಣ. ‘ಆಭರಣ’ ಎಂಬುದು ಹೊರುವುದು, ತಾಳುವುದು ಎಂಬರ್ಥದ ‘ಭೃ’ ಧಾತುವಿನಿಂದ ಬಂದದ್ದು. ‘ಭಾರ’ ಎಂಬ ಶಬ್ದದ ಮೂಲವೂ ಅದೇ. ‘ತೊಡಿಗೆ’ ತೊಡುವುದರಿಂದ ಆಯಿತು. ಹಳಗನ್ನಡದಲ್ಲಿ ‘ತೊಡರ್’ ಎಂದರೆ ವೀರನ ಕಾಲಿನ ಬಿರುದಿನ ಸರಪಣಿಯೂ ಹೌದು, ಸಿಕ್ಕಿಹಾಕಿಕೊಳ್ಳುವುದೂ ಹೌದು. ‘ಒಡವೆ’ ಎಂಬುದಕ್ಕೆ ನಗ ಎಂಬ ಅರ್ಥದ ಜೊತೆಗೆ ಸೊತ್ತು, ಆಸ್ತಿ ಎಂಬ ಅರ್ಥವೂ ಇದೆ. ಒಡೆತನದ ಕುಲಕ್ಕೆ ಸೇರಿದ ಮಾತು ಅದು. ಹೀಗೆ ನಮ್ಮ ಹಿರಿಯರು ಕಟ್ಟಿದ ಶಬ್ದಗಳು ಹೊರೆ, ತೊಡಕು, ಒಡೆತನ ಎಂಬ ಮೂರು ಸಂಗತಿಗಳನ್ನು ಮರೆಮಾಚದೆ ಹೇಳಿಯೇ ಬಿಟ್ಟಿವೆ.

ಆದರೆ ‘ಅಲಂಕಾರ’ ಎಂಬ ಶಬ್ದದ ಗುಣ ಬೇರೆ. ‘ಅಲಂ’ ಎಂಬ ಸಂಸ್ಕೃತ ಅವ್ಯಯಕ್ಕೆ ಸಾಕು, ತಕ್ಕಷ್ಟು, ಸಮರ್ಥ ಎಂಬ ಅರ್ಥಗಳಿವೆ. ಒಂದು ವಸ್ತುವನ್ನು ‘ಅಲಂ’ ಎನ್ನುವ ಸ್ಥಿತಿಗೆ ತರುವುದೇ ಅಲಂಕಾರ. ಆದ್ದರಿಂದ ಅಲಂಕಾರವೆಂದರೆ ಇದ್ದುದಕ್ಕೆ ಇನ್ನಷ್ಟು ಸೇರಿಸುವುದಲ್ಲ. ಇದ್ದುದು ಸಾಲದೆನ್ನಿಸಿದಾಗ ಅದನ್ನು ಸಾಕೆನ್ನಿಸುವುದು. ಸಾಕಾದ ಮೇಲೆಯೂ ಸೇರಿಸುತ್ತ ಹೋದರೆ ಅದು ಅಲಂಕಾರದ ಹೆಸರನ್ನು ಕಳೆದುಕೊಂಡು ಒಡವೆಯಷ್ಟೇ ಆಗಿ ಉಳಿಯುತ್ತದೆ.

ಕನ್ನಡ ಕಾವ್ಯಮೀಮಾಂಸೆ ಆರಂಭವಾದುದೇ ಅಲಂಕಾರದ ವಿಚಾರದಿಂದ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಶ್ರೀವಿಜಯನಿಂದ ರೂಪುಗೊಂಡಿತೆಂದು ವಿದ್ವಾಂಸರು ಹೇಳುವ ‘ಕವಿರಾಜಮಾರ್ಗ’ಕ್ಕೆ ಮೂರು ಪರಿಚ್ಛೇದಗಳು. ಎರಡನೆಯದು ಶಬ್ದಾಲಂಕಾರಗಳನ್ನು, ಮೂರನೆಯದು ಅರ್ಥಾಲಂಕಾರಗಳನ್ನು ವಿವರಿಸುತ್ತದೆ. ಮೊದಲನೆಯದರ ವಿಷಯ ದೋಷಗಳ ವಿವೇಚನೆ. ಈ ಅನುಕ್ರಮವನ್ನು ವಾಚಕರು ಗಮನಿಸಬೇಕು. ಮೊದಲು ದೋಷವನ್ನು ಕಳೆದುಕೊ, ಅನಂತರ ಅಲಂಕಾರದ ಮಾತು ಎಂಬುದು ಅದರ ಧ್ವನಿ. ದೋಷವನ್ನು ಮುಚ್ಚಲೆಂದು ಅಲಂಕಾರವನ್ನು ತೊಡಿಸಿದರೆ ಅದು ದೋಷದ ಮೇಲೊಂದು ದೋಷವಾಗುತ್ತದೆ. ಕಾವ್ಯಕ್ಕೆಂದು ಹಾಕಿದ ಈ ಕ್ರಮ ಬಾಳಿಗೂ ಸಲ್ಲುತ್ತದೆ. ಶ್ರಾವಕನ ಆಚಾರವೂ ಬಿಡಬೇಕಾದುದನ್ನು ಬಿಡುವುದರಿಂದಲೇ ಮೊದಲಾಗುತ್ತದಲ್ಲವೆ?

ಮುಚ್ಚುವ ಅಲಂಕಾರಕ್ಕೆ ಪಂಪನ ‘ಆದಿಪುರಾಣ’ದ (ಕ್ರಿ.ಶ. 941) ನೀಲಾಂಜನೆಯ ಪ್ರಸಂಗಕ್ಕಿಂತ ಮಿಗಿಲಾದ ಉದಾಹರಣೆ ಸಿಗದು. ಆಯುಷ್ಯ ಮುಗಿಯುವ ಹೊತ್ತಿನಲ್ಲಿದ್ದ ದೇವನರ್ತಕಿಯನ್ನು ಇಂದ್ರನು ಪುರುದೇವನ ಸಭೆಗೆ ಕರೆತಂದು ಕುಣಿಸುತ್ತಾನೆ. ನೃತ್ಯದ ನಡುವೆಯೇ ಅವಳು ಇಲ್ಲವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತಹ ಇನ್ನೊಬ್ಬಳನ್ನು ನಿರ್ಮಿಸುತ್ತಾನೆ. ರೂಪ, ತೊಡಿಗೆ, ಹೆಜ್ಜೆ ಎಲ್ಲವೂ ಹಾಗೆಯೇ ಮುಂದುವರಿದುದರಿಂದ ಸಭೆಗೆ ಏನೂ ತಿಳಿಯಲಿಲ್ಲ. ಪುರುದೇವನೊಬ್ಬನೇ ಕಂಡನು, ಆ ಕಾಣ್ಕೆಯಿಂದಲೇ ಅವನ ವೈರಾಗ್ಯ ಹುಟ್ಟಿತು. ಈ ಪ್ರಸಂಗವನ್ನು ದೇಹದ ಅನಿತ್ಯತೆಗೆ ದೃಷ್ಟಾಂತವೆಂದು ಓದುವುದು ವಾಡಿಕೆ. ಅದು ಸರಿಯೇ. ಆದರೆ ಅಲಂಕಾರದ ವಿಮರ್ಶೆಯೆಂದೂ ಅದನ್ನು ಓದಬಹುದು. ಸಭೆ ನೋಡುತ್ತಿದ್ದುದು ನೀಲಾಂಜನೆಯನ್ನಲ್ಲ, ಅವಳ ಸಿಂಗಾರವನ್ನು. ಸಿಂಗಾರ ಉಳಿದುದರಿಂದ ಅವಳು ಹೋದುದು ಯಾರಿಗೂ ಕಾಣಲಿಲ್ಲ. ತೊಟ್ಟವಳು ಅಳಿದರೂ ಅರಿವಿಗೆ ಬಾರದಂತೆ ಮಾಡುವ ತೊಡಿಗೆ ಎಂತಹ ಅಲಂಕಾರ?

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ನೆಲದಲ್ಲಿಯೇ ಇದೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಉಳ್ಳವರ ಶಿವಾಲಯವನ್ನು ಕುರಿತ ಪ್ರಸಿದ್ಧ ವಚನದಲ್ಲಿ ಬಡವನ ದೇಹವನ್ನೇ ದೇಗುಲವೆಂದೂ ಅವನ ತಲೆಯನ್ನೇ ಹೊನ್ನಿನ ಕಳಸವೆಂದೂ ಭಾವಿಸುತ್ತಾರೆ. ಅಲಂಕಾರಶಾಸ್ತ್ರದ ಪ್ರಕಾರ ಇದು ರೂಪಕ. ಗುಡಿಯ ಹೊನ್ನಿನ ಅಲಂಕಾರ ಬೇಡವೆನ್ನುವುದಕ್ಕೆ ಮಾತಿನ ಅಲಂಕಾರವನ್ನೇ ಬಳಸಿದ್ದಾರೆ. ಇದು ವಿರೋಧವಲ್ಲ. ಗುಡಿಯ ಕಳಸವನ್ನು ಇಳಿಸಿದರೂ ಗುಡಿ ಗುಡಿಯಾಗಿಯೇ ಇರುತ್ತದೆ. ಆ ರೂಪಕವನ್ನು ಕಳೆದರೆ ವಚನದಲ್ಲಿ ಹೇಳುವುದೇ ಉಳಿಯುವುದಿಲ್ಲ. ಒಂದು ಅಲಂಕಾರ ನಿಜವಾದುದೋ ಅಲ್ಲವೋ ಎಂದು ತಿಳಿಯಲು ಅದನ್ನು ತೆಗೆದು ನೋಡಬೇಕು. ತೆಗೆದಾಗ ಬೆಲೆ ಮಾತ್ರ ಕಡಿಮೆಯಾದರೆ ಅದು ಒಡವೆ. ಅರ್ಥವೇ ಕಡಿಮೆಯಾದರೆ ಅದು ಅಲಂಕಾರ.

ಈ ಒರೆಗಲ್ಲಿಗೆ ನಮ್ಮ ಇಂದಿನ ಬಳಕೆಗಳನ್ನು ಹಚ್ಚಿ ನೋಡೋಣ. ನಮ್ಮ ಉತ್ಸವಗಳ ಆಮಂತ್ರಣ ಪತ್ರಿಕೆಗಳಲ್ಲಿ ಹೆಸರಿಗಿಂತ ಬಿರುದುಗಳೇ ಉದ್ದವಾಗಿವೆ. ಭೂಷಣ, ರತ್ನ, ಶಿರೋಮಣಿ ಎಂಬ ಶಬ್ದಗಳು ಇಲ್ಲದ ಸಾಲನ್ನು ಹುಡುಕಬೇಕಾಗಿದೆ. ಇವುಗಳನ್ನು ತೆಗೆದರೆ ಆ ವ್ಯಕ್ತಿಯ ಬಗೆಗೆ ನಮಗೆ ತಿಳಿದುದರಲ್ಲಿ ಏನಾದರೂ ಕಡಿಮೆಯಾಗುತ್ತದೆಯೆ? ಅತ್ತಿಮಬ್ಬೆಗೆ ಸಂದ ‘ದಾನಚಿಂತಾಮಣಿ’ ಎಂಬ ಬಿರುದನ್ನು ಇದರೊಡನೆ ಹೋಲಿಸಿರಿ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು, 1500 ಜಿನಬಿಂಬಗಳನ್ನು ಮಾಡಿಸಿ ಕೊಟ್ಟವಳು ಎಂದು ಅವಳು ಪ್ರಸಿದ್ಧಳು. ಆ ಬಿರುದು ಅವಳ ಕೊಡುಗೆಯ ಹೆಸರೇ ಹೊರತು ಮೇಲೆ ತೊಡಿಸಿದ ನಗವಲ್ಲ. ಅವಳ ಆಶ್ರಯದಲ್ಲಿ ಕ್ರಿ.ಶ. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ರನ್ನನು ಮುದುವೊಳಲಿನ ಬಳೆಗಾರರ ಮನೆಯ ಮಗ. ಆ ಮುಧೋಳವು 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ತನಕ ಈ ನಾಲ್ಕು ಸೀಮೆಗಳಿದ್ದ ಜಿಲ್ಲೆಯಲ್ಲಿಯೇ ಇತ್ತು. ಬಳೆ ಮಾರುವ ಕುಲದಲ್ಲಿ ಹುಟ್ಟಿದುದನ್ನು ಆ ಕವಿ ಬಚ್ಚಿಡಲಿಲ್ಲ. ತನ್ನ ಕಾವ್ಯದಲ್ಲಿಯೇ ಹೇಳಿಕೊಂಡನು.

ಇಷ್ಟನ್ನು ಓದಿದ ಯಾರಾದರೂ ‘ಹಾಗಾದರೆ ಹೆಣ್ಣುಮಕ್ಕಳು ಮೈಮೇಲಿನ ಬಂಗಾರವನ್ನು ಇಳಿಸಲಿ’ ಎಂದು ತೀರ್ಮಾನಕ್ಕೆ ಬಂದರೆ ಅದು ಆತುರದ ತೀರ್ಮಾನ. ಅಪರಿಗ್ರಹದ ಉಪದೇಶ ನಮ್ಮಲ್ಲಿ ಬಹುಮಟ್ಟಿಗೆ ಸೊಸೆಯ ಕೈಬಳೆಯಿಂದಲೇ ಆರಂಭವಾಗುತ್ತದೆ. ಗಂಡಸರ ಹೊಲ, ಮನೆ, ಅಂಗಡಿಗಳ ತನಕ ಅದು ಬರುವುದೇ ಇಲ್ಲ. ಮಳೆ ಕೈಕೊಟ್ಟ ವರ್ಷ ಈ ಒಣಭೂಮಿಯಲ್ಲಿ ಬಿತ್ತುವ ಬೀಜಕ್ಕೆ, ಬೋರಿಗೆ, ಮಗನ ಕಾಲೇಜಿಗೆ ಒತ್ತಿ ಬೀಳುವುದು ಯಾರ ಪಾಟ್ಲಿ, ಯಾರ ಬೋರಮಾಳ? ಹೊಲದ ಉತಾರಿಯಲ್ಲಿ ಹೆಸರಿಲ್ಲದ ಹೆಂಗಸಿಗೆ ಒಡವೆ ಎಂಬುದು ಶಬ್ದದ ಹಳೆಯ ಅರ್ಥದಲ್ಲಿಯೇ ಒಡವೆ. ತನ್ನದೆಂದು ಹೇಳಿಕೊಳ್ಳಬಹುದಾದ ಒಂದೇ ಸೊತ್ತು. ಸ್ತ್ರೀಧನಕ್ಕೆ ಅವಳೇ ಪೂರ್ಣ ಒಡತಿಯೆಂದು ಸರ್ವೋಚ್ಚ ನ್ಯಾಯಾಲಯವು ಪ್ರತಿಭಾ ರಾಣಿ ಪ್ರಕರಣದಲ್ಲಿ 1985ರಲ್ಲಿಯೇ ಹೇಳಿದೆ. ಹಾಗಿದ್ದರೂ ಒತ್ತಿಯಿಟ್ಟ ಬಂಗಾರ ಅನೇಕ ಮನೆಗಳಲ್ಲಿ ಮರಳಿ ಅವಳ ಕೈಗೆ ಬರುವುದಿಲ್ಲ. ಪಡಸಾಲೆಯಲ್ಲಿ ಅಳೆದು ಪಡೆದ ಬಂಗಾರದ ದೋಷ ತೊಟ್ಟವಳದಲ್ಲ, ಅಳೆದವರದು. ವರದಕ್ಷಿಣೆಯನ್ನು ನಿಷೇಧಿಸಿದ ಕಾಯಿದೆ 1961ರದು. ‘ಎಷ್ಟು ತೊಲಿ’ ಎಂಬ ಪ್ರಶ್ನೆ ಮಾತ್ರ ಇನ್ನೂ ನಿಂತಿಲ್ಲ. ಕವಿರಾಜಮಾರ್ಗದ ಅನುಕ್ರಮ ಇಲ್ಲಿಯೂ ಸಲ್ಲುತ್ತದೆ. ಮೊದಲು ಕಳೆಯಬೇಕಾದುದು ಈ ದೋಷವನ್ನು. ಬಳೆಯ ಮಾತು ಆಮೇಲೆ.

ನಮ್ಮ ಆಚಾರ್ಯರು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿದ್ದರು. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಿಂದ ಗುರುತಿಸದೆ ‘ಮೂರ್ಛೆ’ಯಿಂದ, ಎಂದರೆ ನನ್ನದೆಂಬ ಮೋಹದಿಂದ ಗುರುತಿಸುತ್ತದೆ. ಗೃಹಸ್ಥನಿಗೆ ಅದು ಬಂಗಾರವೇ ಬೇಡವೆನ್ನುವುದಿಲ್ಲ. ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯಗಳಿಗೆ ತಾನೇ ಹಾಕಿಕೊಂಡ ಮಿತಿಯನ್ನು ಮೀರುವುದನ್ನು ಅತಿಚಾರವೆಂದು ಎಣಿಸುತ್ತದೆ. ಹೊಲವೂ ಬಂಗಾರವೂ ಅಲ್ಲಿ ಒಂದೇ ಪಟ್ಟಿಯಲ್ಲಿವೆ ಎಂಬುದನ್ನು ಗಂಡಸರು ಗಮನಿಸಬೇಕು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ವ್ರತವನ್ನು ‘ಇಚ್ಛಾಪರಿಮಾಣ’ ಎಂದೂ ಕರೆದಿದ್ದಾರೆ. ಇಚ್ಛೆಗೆ ಅಳತೆ ಹಾಕುವುದು, ಇಲ್ಲಿಗೆ ಸಾಕೆಂದು ಮೊದಲೇ ಹೇಳಿಕೊಳ್ಳುವುದು. ಅಲಂಕಾರ ಶಬ್ದದೊಳಗಿನ ‘ಅಲಂ’ ಹೇಳುವುದೂ ಇದನ್ನೇ. ಗೃಹಸ್ಥನ ನೀತಿಯನ್ನು ಹೇಳುವ ಆ ಗ್ರಂಥ ತನ್ನನ್ನು ರತ್ನಗಳ ಕರಡಿಗೆಯೆಂದು ಕರೆದುಕೊಂಡುದು ಆಕಸ್ಮಿಕವಲ್ಲ. ಯಾವ ರತ್ನವನ್ನು ಎಲ್ಲಿಡಬೇಕೆಂದು ಅದಕ್ಕೆ ಗೊತ್ತಿತ್ತು.

ಅಮೋಘವರ್ಷನ ಕೃತಿಯೆಂದು ಜೈನ ಪರಂಪರೆ ಆದರಿಸುವ ‘ಪ್ರಶ್ನೋತ್ತರ ರತ್ನಮಾಲಿಕೆ’ಯ ಕೊನೆಯಲ್ಲಿ ಸೊಗಸಾದ ಒಂದು ಶ್ಲೇಷೆಯಿದೆ. ಈ ಮಾಲೆ ಕಂಠದಲ್ಲಿರುವವರು, ಎಂದರೆ ಇದನ್ನು ಕಂಠಪಾಠ ಮಾಡಿದವರು, ‘ಮುಕ್ತಾಭರಣ’ರಾಗಿದ್ದರೂ ವಿದ್ವಾಂಸರ ನಡುವೆ ಶೋಭಿಸುತ್ತಾರೆ ಎಂಬುದು ಅದರ ಭಾವ. ಆ ಪದಕ್ಕೆ ಮುತ್ತಿನ ಆಭರಣ ತೊಟ್ಟವರೆಂದೂ ಅರ್ಥ, ಆಭರಣವನ್ನು ತೊರೆದವರೆಂದೂ ಅರ್ಥ. ತೊಟ್ಟವರನ್ನೂ ತೊರೆದವರನ್ನೂ ಒಂದೇ ಪದದಲ್ಲಿ ಕೂಡಿಸಿ, ಇಬ್ಬರಿಗೂ ನಿಜವಾದ ಶೋಭೆ ಬರುವುದು ಕಂಠದ ಒಳಗಿರುವ ಮಾತಿನಿಂದ ಎಂದು ಅದು ಸೂಚಿಸುತ್ತದೆ.

ವಿಜಯದಶಮಿಯ ಸಂಜೆ ನಮ್ಮ ಊರುಗಳಲ್ಲಿ ಬನ್ನಿಯ ಎಲೆಯನ್ನು ಕೈಯಿಂದ ಕೈಗೆ ಕೊಟ್ಟು ಅದನ್ನು ಬಂಗಾರವೆನ್ನುತ್ತೇವೆ. ಬಂಗಾರದಂತೆ ಇರೋಣವೆಂದು ಹೇಳಿ ಹಿರಿಯರ ಕಾಲು ಮುಟ್ಟುತ್ತೇವೆ. ಅದಕ್ಕೆ ತೂಕವಿಲ್ಲ, ಒತ್ತಿಯಿಡಲು ಬಾರದು, ಮರುದಿನಕ್ಕೆ ಒಣಗುತ್ತದೆ. ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರು ಆ ಒಂದು ಸಂಜೆ ಅದನ್ನು ಹಿಡಿದು ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುತ್ತಾರೆ. ಕೊಟ್ಟವನಿಗೂ ಪಡೆದವನಿಗೂ ಅಷ್ಟೇ ಸಾಕು.